ಚಂದ್ರನಗರ: ಹೂಗ್ಲಿ ತೀರದ ಫ್ರೆಂಚ್ ಬಂದರು, ಜಗತ್ ಸೇಠ್ ಮನೆತನ ಮತ್ತು ಬೀದರ್ ಕೋಟೆಯ ನಂಟು

ಚಂದ್ರನಗರವು ಪಶ್ಚಿಮ ಬಂಗಾಳದ ಹೂಗ್ಲಿ ಜಿಲ್ಲೆಯ ಒಂದು ನಗರ. ಕೋಲ್ಕತ್ತದಿಂದ ಉತ್ತರಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿ, ಹೂಗ್ಲಿ ನದಿಯ ಪಶ್ಚಿಮ ದಡದ ಮೇಲಿದೆ. ಬಂಗಾಳಿಗಳು ಇದನ್ನು ಚಂದನ್‌ನಗರ ಎನ್ನುತ್ತಾರೆ. ಕನ್ನಡದ ಇತಿಹಾಸ ಪುಸ್ತಕಗಳಲ್ಲಿ ಚಂದ್ರನಗರ ಎಂಬ ರೂಪವೇ ಬಳಕೆಯಲ್ಲಿದೆ. 17ನೇ ಶತಮಾನದ ಕೊನೆಯಿಂದ 1950ರವರೆಗೆ, ನಡುವೆ ಕೆಲವು ವರ್ಷ ಬಿಟ್ಟರೆ, ಇದು ಫ್ರೆಂಚರ ಆಡಳಿತದಲ್ಲಿದ್ದ ನದೀಬಂದರಾಗಿತ್ತು.

ಜೈನ ಸಮಾಜದ ಇತಿಹಾಸದಲ್ಲಿ ಈ ಊರಿಗೆ ಒಂದು ವಿಶೇಷ ಸ್ಥಾನವಿದೆ. ಇಲ್ಲಿನ ಫ್ರೆಂಚ್ ವ್ಯಾಪಾರಕ್ಕೆ ಸಾಲ ಕೊಟ್ಟವರಲ್ಲಿ ಪ್ರಮುಖರು ಮುರ್ಶಿದಾಬಾದಿನ ಜೈನ ಶ್ರಾವಕ ಮನೆತನವಾದ ಜಗತ್ ಸೇಠರು. 1757ರಲ್ಲಿ ಈ ಬಂದರು ಇಂಗ್ಲಿಷರ ವಶವಾದದ್ದು ಅದೇ ಮನೆತನದ ಏಳುಬೀಳಿಗೂ ಕಾರಣವಾಯಿತು. ಬಸವಕಲ್ಯಾಣ, ಹುಮನಾಬಾದ್ ಕಡೆಯ ಓದುಗರಿಗೆ ಇನ್ನೊಂದು ನಂಟೂ ಇದೆ. ಚಂದ್ರನಗರವನ್ನು ಫ್ರೆಂಚರಿಗೆ ಮರಳಿ ಕೊಡಿಸಿದ 1763ರ ಪ್ಯಾರಿಸ್ ಒಪ್ಪಂದದ ಅದೇ ಕಲಮಿನಲ್ಲಿ, ಆಗ ಬೀದರ್ ಕೋಟೆಯಲ್ಲಿ ಸೆರೆಯಾಳಾಗಿದ್ದ ಒಬ್ಬ ದೊರೆಯ ಹೆಸರಿದೆ.

ಹೆಸರು ಮತ್ತು ನೆಲೆ

ಊರಿನ ಹೆಸರಿಗೆ ಮೂರು ವಿವರಣೆಗಳು ರೂಢಿಯಲ್ಲಿವೆ. ಇಲ್ಲಿ ನದಿ ಅರ್ಧಚಂದ್ರಾಕಾರವಾಗಿ ಬಾಗುವುದರಿಂದ ಚಂದ್ರನ ಹೆಸರು ಬಂತು ಎಂಬುದು ಒಂದು. ಚಂದನದ, ಅಂದರೆ ಶ್ರೀಗಂಧದ ವ್ಯಾಪಾರದಿಂದ ಬಂತು ಎಂಬುದು ಎರಡನೆಯದು. ಚಂಡೀದೇವಿಯ ಗುಡಿಯಿಂದ ಬಂತು ಎಂಬುದು ಮೂರನೆಯದು.

ಹೂಗ್ಲಿಯು ಗಂಗೆಯ ಪಶ್ಚಿಮದ ಕವಲು. ಮೇಲ್ಭಾಗದಲ್ಲಿ ಇದಕ್ಕೆ ಭಾಗೀರಥಿ ಎಂದು ಹೆಸರು. ಸಮುದ್ರದ ಹಡಗುಗಳು ಉಬ್ಬರದ ನೀರನ್ನು ಹಿಡಿದು ಈ ನದಿಯಲ್ಲಿ ಒಳನಾಡಿನವರೆಗೆ ಬರುತ್ತಿದ್ದವು. ಹೀಗಾಗಿ ಯುರೋಪಿನ ಕಂಪನಿಗಳೆಲ್ಲ ಇದೇ ನದಿಯ ದಡದಲ್ಲಿ ಸಾಲಾಗಿ ಕೋಠಿ ಕಟ್ಟಿಕೊಂಡವು. ಪೋರ್ಚುಗೀಸರು ಬಂಡೇಲ್ ಮತ್ತು ಹೂಗ್ಲಿಯಲ್ಲಿ, ಡಚ್ಚರು ಚಿನ್ಸುರಾದಲ್ಲಿ, ಡೇನರು ಶ್ರೀರಾಂಪುರದಲ್ಲಿ, ಇಂಗ್ಲಿಷರು ಕಲ್ಕತ್ತೆಯಲ್ಲಿ, ಫ್ರೆಂಚರು ಚಂದ್ರನಗರದಲ್ಲಿ ನೆಲೆಸಿದರು. ಐದು ದೇಶಗಳ ನೆಲೆಗಳು ಒಂದೇ ನದಿಯ ಮೇಲೆ ಒಂದು ದಿನದ ದೋಣಿ ಪಯಣದ ಅಂತರದಲ್ಲಿದ್ದವು.

ಭಾಗೀರಥಿಯ ಪಶ್ಚಿಮದ ಈ ಸೀಮೆಗೆ ಪ್ರಾಚೀನ ಹೆಸರು ರಾಢ. ಭಗವಾನ್ ಮಹಾವೀರರು ತಪಸ್ಸಿನ ಕಾಲದಲ್ಲಿ ಲಾಢ ದೇಶದಲ್ಲಿ ವಿಹರಿಸಿದರೆಂದೂ ಅಲ್ಲಿನ ಜನ ನಾಯಿಗಳನ್ನು ಛೂ ಬಿಟ್ಟು ಕಾಡಿದರೆಂದೂ ಶ್ವೇತಾಂಬರ ಆಗಮವಾದ ಆಚಾರಾಂಗ ಸೂತ್ರ ಹೇಳುತ್ತದೆ. ವಿದ್ವಾಂಸರು ಆ ಲಾಢವನ್ನು ಈ ರಾಢದೊಂದಿಗೆ ಗುರುತಿಸುತ್ತಾರೆ.

ಫ್ರೆಂಚರ ಬಂದರು

ಫ್ರೆಂಚರಿಗೆ ಬಂಗಾಳದಲ್ಲಿ ವ್ಯಾಪಾರದ ಅನುಮತಿ ದೊರೆತು ಇಲ್ಲಿ ಮೊದಲ ಕೋಠಿ ಆರಂಭವಾದದ್ದು 1673ರಲ್ಲಿ. 1688ರ ಹೊತ್ತಿಗೆ ಅದು ಶಾಶ್ವತ ನೆಲೆಯಾಯಿತು. ನದಿಯ ದಡದಲ್ಲಿ ಓರ್ಲಿಯಾನ್ಸ್ ಕೋಟೆ ಎದ್ದಿತು. ಆದರೂ ಮೊದಲ ಹಲವು ದಶಕ ಊರು ಬೆಳೆಯಲಿಲ್ಲ. ಕಂಪನಿಯ ಬಳಿ ಬಂಡವಾಳ ಕಡಿಮೆ ಇತ್ತು, ಹಡಗುಗಳೂ ಕಡಿಮೆ.

ಡ್ಯುಪ್ಲೆ 1730ರಲ್ಲಿ ಇಲ್ಲಿನ ಮುಖ್ಯಸ್ಥನಾಗಿ ನೇಮಕಗೊಂಡ ಮೇಲೆ ಸ್ಥಿತಿ ಬದಲಾಯಿತು. ಅವನ ಕಾಲದಲ್ಲಿ ಊರಿನಲ್ಲಿ 2,000ಕ್ಕೂ ಹೆಚ್ಚು ಇಟ್ಟಿಗೆ ಮನೆಗಳು ಎದ್ದವು. ಹತ್ತಿಬಟ್ಟೆ, ರೇಷ್ಮೆ, ಅಕ್ಕಿ, ಸಕ್ಕರೆ, ಪೆಟ್ಲುಪ್ಪು ಮತ್ತು ಅಫೀಮು ಇಲ್ಲಿಂದ ಹೊರಟವು. ಸೂರತ್, ಬಸ್ರಾ, ಜಿದ್ದಾ, ಮೋಖಾ ಮತ್ತು ಚೀನಾದ ಕಡೆಗೆ ಹಡಗುಗಳು ಹೋಗುತ್ತಿದ್ದವು. ಫ್ರೆಂಚರ ಸ್ಥಳೀಯ ದಲ್ಲಾಳಿಯಾಗಿದ್ದ ಇಂದ್ರನಾರಾಯಣ ಚೌಧುರಿ ಈ ವ್ಯಾಪಾರದಲ್ಲಿ ದೊಡ್ಡ ಪಾತ್ರ ವಹಿಸಿದ. ಅವನು ಕಟ್ಟಿಸಿದ ನಂದದುಲಾಲ್ ಗುಡಿ ಇಂದಿಗೂ ಇದೆ.

ಇದೇ ಡ್ಯುಪ್ಲೆ 1742ರಲ್ಲಿ ಪುದುಚೇರಿಗೆ ಗವರ್ನರನಾಗಿ ಹೋದ. 1751ರಲ್ಲಿ ದಖ್ಖನ್ನಿಗೆ ಸೇನಾನಿ ಬುಸ್ಸಿಯನ್ನು ಕಳಿಸಿದವನೂ ಇವನೇ. ಚಂದ್ರನಗರದ ಕಥೆ ಕಲ್ಯಾಣದ ಸೀಮೆಗೆ ತಾಗುವುದು ಇಲ್ಲಿಂದ.

ಜಗತ್ ಸೇಠ್ ಮನೆತನ

ಈ ಮನೆತನದ ಮೂಲ ಪುರುಷ ಹೀರಾನಂದ ಸಾಹು. ಮಾರವಾಡದ ನಾಗೋರಿನ ಓಸವಾಲ ಶ್ವೇತಾಂಬರ ಜೈನ ಶ್ರಾವಕ. 17ನೇ ಶತಮಾನದ ಮಧ್ಯದಲ್ಲಿ ಊರು ಬಿಟ್ಟು ಪಟ್ನಾಕ್ಕೆ ಬಂದು ಲೇವಾದೇವಿ ಆರಂಭಿಸಿದ. ಮಗ ಮಾಣಿಕ್‌ಚಂದ್ ಢಾಕಾದಲ್ಲಿ ಕೋಠಿ ತೆರೆದ. ದಿವಾನ ಮುರ್ಶಿದ್ ಕುಲಿ ಖಾನ್ ತನ್ನ ಕಚೇರಿಯನ್ನು ಭಾಗೀರಥಿಯ ದಡದ ಮುರ್ಶಿದಾಬಾದಿಗೆ ಬದಲಿಸಿದಾಗ ಮಾಣಿಕ್‌ಚಂದನೂ ಜೊತೆಗೆ ಬಂದು ಮಹಿಮಾಪುರದಲ್ಲಿ ನೆಲೆಸಿದ. ಅವನ ಉತ್ತರಾಧಿಕಾರಿ ಫತೇಚಂದನಿಗೆ 1723ರಲ್ಲಿ ಮೊಘಲ್ ಬಾದಶಹ ಮುಹಮ್ಮದ್ ಶಾಹನಿಂದ ‘ಜಗತ್ ಸೇಠ್’ ಎಂಬ ಬಿರುದು ದೊರೆಯಿತು. ಅದು ವಂಶಪಾರಂಪರ್ಯವಾಗಿ ಮುಂದುವರಿಯಿತು. ಫತೇಚಂದ್ 1744ರಲ್ಲಿ ತೀರಿಕೊಂಡ ಮೇಲೆ ಮೊಮ್ಮಕ್ಕಳಾದ ಮಹತಾಬ್‌ಚಂದ್ ಮತ್ತು ಸ್ವರೂಪ್‌ಚಂದ್ ವ್ಯವಹಾರ ನಡೆಸಿದರು. ಮಹತಾಬ್‌ಚಂದನು ಜಗತ್ ಸೇಠ್ ಎಂದೂ ಸ್ವರೂಪ್‌ಚಂದನು ಮಹಾರಾಜ ಎಂದೂ ಕರೆಸಿಕೊಂಡರು.

ಈ ಮನೆತನದ ಶಕ್ತಿ ಮೂರು ಕೆಲಸಗಳಲ್ಲಿತ್ತು.

ಮೊದಲನೆಯದು ಟಂಕಸಾಲೆ. ಯುರೋಪಿನ ಕಂಪನಿಗಳು ಬಂಗಾಳದ ಸರಕಿಗೆ ಬದಲಾಗಿ ಕೊಡಲು ಬೆಳ್ಳಿಯನ್ನು ಹಡಗಿನಲ್ಲಿ ತರುತ್ತಿದ್ದವು. ಆ ಬೆಳ್ಳಿ ರೂಪಾಯಿಯಾಗಬೇಕಾದರೆ ಮುರ್ಶಿದಾಬಾದಿನ ಟಂಕಸಾಲೆಗೆ ಹೋಗಬೇಕು. ಅಲ್ಲಿ ಸೇಠರ ಮಾತೇ ನಡೆಯುತ್ತಿತ್ತು. ಹೀಗಾಗಿ ಬೆಳ್ಳಿಯ ದೊಡ್ಡ ಗಿರಾಕಿಯೂ ಸೇಠರೇ.

ಎರಡನೆಯದು ವಟ್ಟ. ಹೊಸದಾಗಿ ಅಚ್ಚಾದ ಸಿಕ್ಕಾ ರೂಪಾಯಿಗೆ ಆ ವರ್ಷ ಪೂರ್ತಿ ಬೆಲೆ. ಎರಡನೆಯ ವರ್ಷ ಶೇಕಡ 3ರಷ್ಟು, ಮೂರನೆಯ ವರ್ಷದಿಂದ ಶೇಕಡ 5ರಷ್ಟು ಬೆಲೆ ಇಳಿಯುತ್ತಿತ್ತು. ಆರ್ಕಾಟ್ ಮುಂತಾದ ಹೊರಗಿನ ನಾಣ್ಯಗಳಿಗೆ ಬೇರೆ ಬೇರೆ ವಟ್ಟ. ಸರ್ಕಾರಕ್ಕೆ ಕಂದಾಯ ಸಿಕ್ಕಾದಲ್ಲೇ ಸಲ್ಲಬೇಕಾದ್ದರಿಂದ ಜಮೀನ್ದಾರರು, ವರ್ತಕರು ಎಲ್ಲರೂ ನಾಣ್ಯ ಬದಲಿಸಲು ಚಿನಿವಾರರ ಬಳಿ ಬರಬೇಕಿತ್ತು. ಚಿನಿವಾರರಿಗೆಲ್ಲ ಮೇಲಿನವರು ಸೇಠರು.

ಮೂರನೆಯದು ಹುಂಡಿ. ಒಂದು ಊರಿನಲ್ಲಿ ಹಣ ಕಟ್ಟಿ, ಚೀಟಿ ಪಡೆದು, ಇನ್ನೊಂದು ಊರಿನಲ್ಲಿ ಆ ಹಣ ತೆಗೆದುಕೊಳ್ಳುವ ವ್ಯವಸ್ಥೆ ಇದು. ತೋರಿಸಿದ ಕೂಡಲೇ ಹಣ ಸಲ್ಲುವುದು ದರ್ಶನಿ ಹುಂಡಿ. ಗೊತ್ತಾದ ಅವಧಿಯ ಮೇಲೆ ಸಲ್ಲುವುದು ಮುದ್ದತಿ ಹುಂಡಿ. ಬಂಗಾಳದ ಕಂದಾಯ ದಿಲ್ಲಿಗೆ ಹೋಗುತ್ತಿದ್ದುದು ಬಹುಮಟ್ಟಿಗೆ ಸೇಠರ ಹುಂಡಿಯ ಮೂಲಕ.

1742ರಲ್ಲಿ ಮರಾಠರ ಪಡೆ ಮುರ್ಶಿದಾಬಾದಿಗೆ ನುಗ್ಗಿ ಸೇಠರ ಕೋಠಿಯನ್ನು ದೋಚಿತು. ಎರಡು ಕೋಟಿ ಆರ್ಕಾಟ್ ರೂಪಾಯಿ ಹೋಯಿತೆಂದೂ ಅಷ್ಟು ಹೋದರೂ ಮನೆತನದ ವ್ಯವಹಾರಕ್ಕೆ ಕುಂದಾಗಲಿಲ್ಲವೆಂದೂ ಆ ಶತಮಾನದ ಇತಿಹಾಸಕಾರ ಗುಲಾಮ್ ಹುಸೇನ್ ಖಾನ್ ಬರೆದಿದ್ದಾನೆ.

ಬಂದರಿಗೆ ಸಾಲ

ಹಡಗು ಯುರೋಪಿನಿಂದ ಬರುವುದು ಮಾರುತದ ಲೆಕ್ಕದಲ್ಲಿ. ನೇಕಾರರಿಗೆ ಮುಂಗಡ ಕೊಡಬೇಕಾದದ್ದು ಅದಕ್ಕಿಂತ ಹಲವು ತಿಂಗಳು ಮೊದಲು. ಈ ನಡುವಿನ ಅವಧಿಗೆ ಕಂಪನಿಗಳೆಲ್ಲ ಸಾಲ ಎತ್ತುತ್ತಿದ್ದವು. ವರ್ಷಕ್ಕೆ ಶೇಕಡ 12, ಮುಂದೆ ಶೇಕಡ 9ರ ಬಡ್ಡಿಯಲ್ಲಿ ಸೇಠರು ಇಂಗ್ಲಿಷರಿಗೂ ಡಚ್ಚರಿಗೂ ಫ್ರೆಂಚರಿಗೂ ಕೊಟ್ಟರು. ಚಂದ್ರನಗರದ ವ್ಯಾಪಾರ ಬಹುಪಾಲು ಇಂಥ ಸಾಲದ ಮೇಲೆ ನಿಂತಿತ್ತು. 1757ರ ಹೊತ್ತಿಗೆ ಅಲ್ಲಿನ ಫ್ರೆಂಚರು ಸೇಠರಿಗೆ ಲಕ್ಷಗಟ್ಟಲೆ ರೂಪಾಯಿ ಬಾಕಿ ಇದ್ದರು.

ಸಾಲ ಕೊಟ್ಟವನಿಗೆ ಸಾಲಗಾರ ಉಳಿಯಬೇಕು ಎಂಬ ಹಿತವಿರುತ್ತದೆ. ಆ ಲೆಕ್ಕದಂತೆ ಚಂದ್ರನಗರ ಉಳಿಯುವುದರಲ್ಲಿ ಸೇಠರ ಹಿತವಿತ್ತು. ಆದರೂ ಅದು ಬಿದ್ದಾಗ ಅವರು ಅದರ ಪರ ನಿಲ್ಲಲಿಲ್ಲ. ಅದಕ್ಕೆ ಕಾರಣ ನವಾಬನ ದರ್ಬಾರಿನಲ್ಲಿತ್ತು.

1757: ಚಂದ್ರನಗರದ ಪತನ

1756ರಲ್ಲಿ ಸಿರಾಜುದ್ದೌಲ ಬಂಗಾಳದ ನವಾಬನಾದ. ಆ ವರ್ಷದ ಜೂನ್‌ನಲ್ಲಿ ಕಲ್ಕತ್ತೆಯನ್ನು ಇಂಗ್ಲಿಷರಿಂದ ಕಿತ್ತುಕೊಂಡ. ಫ್ರೆಂಚರಿಂದ ಮೂರೂವರೆ ಲಕ್ಷ, ಡಚ್ಚರಿಂದ ನಾಲ್ಕೂವರೆ ಲಕ್ಷ ರೂಪಾಯಿ ವಸೂಲಿ ಮಾಡಿದ. ಸೇಠರಿಂದಲೂ ಭಾರಿ ಮೊತ್ತ ಕೇಳಿ, ಒಪ್ಪದ ಮಹತಾಬ್‌ಚಂದನನ್ನು ದರ್ಬಾರಿನಲ್ಲಿ ಅವಮಾನಿಸಿದನೆಂಬ ಮಾತು ಆ ಕಾಲದ ಬರಹಗಳಲ್ಲಿದೆ. ಮೂರು ತಲೆಮಾರು ನವಾಬರ ಖಜಾನೆಯನ್ನು ನೋಡಿಕೊಂಡಿದ್ದ ಮನೆತನಕ್ಕೆ ತನ್ನ ಜೀವಕ್ಕೂ ಸೊತ್ತಿಗೂ ಭದ್ರತೆಯಿಲ್ಲ ಎಂದು ಅನ್ನಿಸಿತು.

1757ರ ಜನವರಿಯಲ್ಲಿ ಕ್ಲೈವ್ ಮತ್ತು ನೌಕಾಧಿಪತಿ ವಾಟ್ಸನ್ ಕಲ್ಕತ್ತೆಯನ್ನು ಮರಳಿ ಹಿಡಿದರು. ಯುರೋಪಿನಲ್ಲಿ ಇಂಗ್ಲೆಂಡು ಮತ್ತು ಫ್ರಾನ್ಸಿನ ನಡುವೆ ಆಗಲೇ ಯುದ್ಧ ನಡೆದಿತ್ತು. ಕ್ಲೈವನಿಗೆ ಒಂದು ದೊಡ್ಡ ಚಿಂತೆಯಿತ್ತು. ದಖ್ಖನ್ನಿನಲ್ಲಿದ್ದ ಬುಸ್ಸಿ ಉತ್ತರ ಸರ್ಕಾರುಗಳ ದಾರಿಯಾಗಿ ಬಂಗಾಳಕ್ಕೆ ಬಂದು ನವಾಬನನ್ನೂ ಚಂದ್ರನಗರವನ್ನೂ ಕೂಡಿಕೊಂಡರೆ ಇಂಗ್ಲಿಷರು ನಿಲ್ಲುವುದು ಕಷ್ಟ. ಸಿರಾಜುದ್ದೌಲನೂ ಬುಸ್ಸಿಗೆ ಪತ್ರ ಬರೆದು ಕರೆಯುತ್ತಿದ್ದ. ಆದ್ದರಿಂದ ಬುಸ್ಸಿ ಬರುವ ಮೊದಲೇ ಚಂದ್ರನಗರವನ್ನು ಮುಗಿಸಲು ಇಂಗ್ಲಿಷರು ನಿರ್ಧರಿಸಿದರು.

ಮಾರ್ಚ್ ಮಧ್ಯದಲ್ಲಿ ಕ್ಲೈವನ ಸೇನೆ ನೆಲದ ಮೇಲಿಂದ ಮುತ್ತಿಗೆ ಹಾಕಿತು. ಮುಖ್ಯಸ್ಥ ರೆನೋ ನದಿಯಲ್ಲಿ ಹಡಗುಗಳನ್ನು ಮುಳುಗಿಸಿ ದಾರಿ ಕಟ್ಟಿದ. ಆದರೆ ಮಾರ್ಚ್ 23ರಂದು ಕೆಂಟ್, ಟೈಗರ್ ಎಂಬ ಯುದ್ಧನೌಕೆಗಳು ಆ ಅಡ್ಡಿ ದಾಟಿ ಬಂದು ಕೋಟೆಗೆ ಹತ್ತಿರದಿಂದಲೇ ಗುಂಡು ಹಾರಿಸಿದವು. ಎರಡೂ ಕಡೆ ಸಾವುನೋವು ಹೆಚ್ಚಿತ್ತು. ಅದೇ ದಿನ ಕೋಟೆ ಶರಣಾಯಿತು. ಹೂಗ್ಲಿಯ ಫೌಜದಾರ ನಂದಕುಮಾರ ತನ್ನ ಪಡೆಯೊಂದಿಗೆ ಹತ್ತಿರದಲ್ಲೇ ಇದ್ದರೂ ತಡೆಯಲು ಮುಂದಾಗಲಿಲ್ಲ. ಬಳಿಕ ಇಂಗ್ಲಿಷರು ಓರ್ಲಿಯಾನ್ಸ್ ಕೋಟೆಯನ್ನು ನೆಲಸಮ ಮಾಡಿದರು.

ಆಗ ಕಾಸಿಂಬಜಾರಿನ ಫ್ರೆಂಚ್ ಕೋಠಿಯ ಮುಖ್ಯಸ್ಥನಾಗಿದ್ದವನು ಜಾನ್ ಲಾ. ನವಾಬನ ನೆರವು ಕೊಡಿಸುವಂತೆ ಅವನು ಸೇಠರ ಮನೆಗೆ ಹೋಗಿ ಕೇಳಿಕೊಂಡ. ಹಳೆಯ ಸಾಲದ ನೆನಪೂ ಮಾಡಿದ. ಮರ್ಯಾದೆಯ ಮಾತು ದೊರೆಯಿತು, ನೆರವು ದೊರೆಯಲಿಲ್ಲ. ನವಾಬನನ್ನು ಇಳಿಸಿದ ಕ್ರಾಂತಿಯ ನಿಜವಾದ ಕರ್ತರು ಸೇಠರೇ ಎಂದು ಲಾ ಮುಂದೆ ತನ್ನ ನೆನಪಿನ ಬರಹದಲ್ಲಿ ದಾಖಲಿಸಿದ.

ಜೂನ್ 23ರಂದು ಪ್ಲಾಸಿಯಲ್ಲಿ ಸಿರಾಜುದ್ದೌಲ ಸೋತ. ಚಂದ್ರನಗರದಿಂದ ತಪ್ಪಿಸಿಕೊಂಡು ಬಂದಿದ್ದ ಸುಮಾರು 50 ಫ್ರೆಂಚರ ಸಣ್ಣ ತುಕಡಿ ಅಂದು ನವಾಬನ ಪರವಾಗಿ ತೋಪು ಹಾರಿಸಿತು. ಬಂದರು ಬಿದ್ದ ಮೂರು ತಿಂಗಳಲ್ಲಿ ರಾಜ್ಯವೇ ಕೈ ಬದಲಾಯಿತು.

ಅದೇ ಹೊತ್ತಿಗೆ ಬೀದರ್ ಸೀಮೆಯಲ್ಲಿ

ಬೀದರ್ ಮತ್ತು ಕಲ್ಯಾಣಿ ಕೋಟೆಗಳು 1657ರಲ್ಲಿ ಔರಂಗಜೇಬನಿಂದ ಮೊಘಲರ ವಶವಾಗಿದ್ದವು. ಮುಂದೆ ಈ ಸೀಮೆ ಹೈದರಾಬಾದಿನ ಆಸಫ್‌ಜಾಹಿ ದೊರೆಗಳಿಗೆ ಸೇರಿತು. ಇಂದಿನ ಬಸವಕಲ್ಯಾಣಕ್ಕೆ ಆಗಿನ ಹೆಸರು ಕಲ್ಯಾಣಿ. ಹುಮನಾಬಾದ್ ಇಂದಿಗೂ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಮೇಲಿನ ಊರು.

1751ರಲ್ಲಿ ಸಲಾಬತ್ ಜಂಗನನ್ನು ಗಾದಿಗೆ ತಂದವನು ಬುಸ್ಸಿ. ಫ್ರೆಂಚ್ ಪಡೆಯ ಖರ್ಚಿಗಾಗಿ ಸಲಾಬತ್ ಜಂಗ್ 1753ರಲ್ಲಿ ಉತ್ತರ ಸರ್ಕಾರುಗಳ ಕಂದಾಯವನ್ನು ಫ್ರೆಂಚರಿಗೆ ಬಿಟ್ಟುಕೊಟ್ಟ. ಗೋದಾವರಿಯ ಮುಖದಲ್ಲಿರುವ ಯಾನಾಂ ಎಂಬ ಇನ್ನೊಂದು ಫ್ರೆಂಚ್ ನದೀಬಂದರು ಆ ಸೀಮೆಗೆ ಹೊಂದಿಕೊಂಡಿದೆ. ಬೀದರ್ ಜಿಲ್ಲೆಯ ಮಾಂಜ್ರಾ ನದಿ ಗೋದಾವರಿಯನ್ನು ಕೂಡುವುದರಿಂದ, ಈ ಜಿಲ್ಲೆಯ ಮಳೆನೀರಿನ ಒಂದು ಪಾಲು ಗೋದಾವರಿಯ ಮೂಲಕ ಆ ಕಡಲ ದಡಕ್ಕೇ ಸಾಗುತ್ತದೆ.

ಚಂದ್ರನಗರ ಬಿದ್ದ ಮೇಲೆ ಬುಸ್ಸಿ ಬಂಗಾಳದ ಕಡೆ ಹೋಗಲಿಲ್ಲ. 1758ರಲ್ಲಿ ಫ್ರೆಂಚ್ ಸೇನಾಪತಿ ಲಾಲಿ ಅವನನ್ನು ಹೈದರಾಬಾದಿನಿಂದಲೇ ಹಿಂದಕ್ಕೆ ಕರೆಸಿಕೊಂಡ. ಸಲಾಬತ್ ಜಂಗನ ಬೆಂಬಲ ಕಳಚಿಬಿತ್ತು. 1760ರ ಫೆಬ್ರವರಿ 3ರಂದು ಉದಗೀರಿನಲ್ಲಿ ಸದಾಶಿವರಾವ್ ಭಾವುವಿನ ಮರಾಠಾ ಸೇನೆ ನಿಜಾಮನ ಸೇನೆಯನ್ನು ಸೋಲಿಸಿತು. ಮರಾಠರ ತೋಪಿನ ಪಡೆಯನ್ನು ನಡೆಸಿದ ಇಬ್ರಾಹಿಂ ಖಾನ್ ಗಾರ್ದಿ ಬುಸ್ಸಿಯ ಕೈಕೆಳಗೆ ಯುದ್ಧ ಕಲಿತವನು. ಆ ಉದಗೀರು 1956ರವರೆಗೂ ಬೀದರ್ ಜಿಲ್ಲೆಯ ತಾಲ್ಲೂಕೇ ಆಗಿತ್ತು.

1762ರಲ್ಲಿ ತಮ್ಮ ನಿಜಾಮ್ ಅಲಿ ಖಾನ್ ಅಣ್ಣನನ್ನು ಇಳಿಸಿ ಬೀದರ್ ಕೋಟೆಯಲ್ಲಿ ಸೆರೆ ಹಾಕಿದ.

ಪ್ಯಾರಿಸ್ ಒಪ್ಪಂದ: ಒಂದೇ ಕಲಮಿನಲ್ಲಿ ಎರಡು ಊರು

ಯುರೋಪಿನ ಯುದ್ಧ 1763ರ ಫೆಬ್ರವರಿ 10ರ ಪ್ಯಾರಿಸ್ ಒಪ್ಪಂದದಿಂದ ಮುಗಿಯಿತು. ಅದರ 11ನೆಯ ಕಲಮು ಭಾರತಕ್ಕೆ ಸಂಬಂಧಿಸಿದ್ದು. ಫ್ರೆಂಚರು 1749ರ ಆರಂಭದಲ್ಲಿ ಹೊಂದಿದ್ದ ಕೋಠಿಗಳನ್ನು ಮರಳಿ ಪಡೆಯುತ್ತಾರೆ. ಆದರೆ ಬಂಗಾಳ ಸುಭಾದಲ್ಲಿ ಕೋಟೆ ಕಟ್ಟುವಂತಿಲ್ಲ, ಸೈನ್ಯ ಇಡುವಂತಿಲ್ಲ ಎಂದು ಅದು ಹೇಳಿತು. ಚಂದ್ರನಗರ ಫ್ರೆಂಚರಿಗೆ ಮರಳಿದ್ದು ಈ ಷರತ್ತಿನ ಮೇಲೆ. ಅಂದಿನಿಂದ ಅದು ಸೈನಿಕ ಬಲವಿಲ್ಲದ ವ್ಯಾಪಾರದ ಊರಾಗಿ ಉಳಿಯಿತು.

ಅದೇ ಕಲಮು ಸಲಾಬತ್ ಜಂಗನನ್ನು ದಖ್ಖನ್ನಿನ ನ್ಯಾಯಸಮ್ಮತ ಸುಭೇದಾರನೆಂದು ಎರಡೂ ರಾಜ್ಯಗಳು ಒಪ್ಪುವುದಾಗಿಯೂ ಹೇಳಿತು. ಪ್ಯಾರಿಸಿನಲ್ಲಿ ಸಹಿ ಬಿದ್ದಾಗ ಆ ಸುಭೇದಾರ ಬೀದರ್ ಕೋಟೆಯ ಕೈದಿ. ಅಧಿಕಾರ ಹೋಗಿ ತಿಂಗಳುಗಳೇ ಆಗಿದ್ದವು. 1763ರ ಸೆಪ್ಟೆಂಬರಿನಲ್ಲಿ ಅವನು ಅಲ್ಲೇ ಸತ್ತ.

ಅದೇ ವರ್ಷ ಬಂಗಾಳದಲ್ಲಿ ಇಂಗ್ಲಿಷರ ವಿರುದ್ಧ ತಿರುಗಿ ನಿಂತ ನವಾಬ ಮೀರ್ ಕಾಸಿಂ ಮಹತಾಬ್‌ಚಂದ್ ಮತ್ತು ಸ್ವರೂಪ್‌ಚಂದ್ ಇಬ್ಬರನ್ನೂ ಹಿಡಿದು ಕೊಂಡೊಯ್ದು ಕೊಲ್ಲಿಸಿದ. ಫ್ರೆಂಚರು ಎತ್ತಿ ನಿಲ್ಲಿಸಿದ ದೊರೆಯೂ, ಫ್ರೆಂಚರಿಗೆ ಸಾಲ ಕೊಟ್ಟು ಕೊನೆಗೆ ಇಂಗ್ಲಿಷರ ಕಡೆ ವಾಲಿದ ಸಾಹುಕಾರರೂ ಒಂದೇ ವರ್ಷದಲ್ಲಿ ಅಳಿದರು.

ಮನೆತನದ ಇಳಿಗಾಲ ಮತ್ತು ಶಿಖರಜಿ

ಮಹತಾಬ್‌ಚಂದನ ಮಗ ಖುಶಾಲ್‌ಚಂದ್ ಜಗತ್ ಸೇಠನಾದ. 1765ರಲ್ಲಿ ಬಂಗಾಳದ ದಿವಾನಿ ಇಂಗ್ಲಿಷ್ ಕಂಪನಿಗೆ ದೊರೆತಾಗ ಕೆಲಕಾಲ ಕಂಪನಿಯ ಸರಾಫನಾಗಿಯೂ ಇದ್ದ. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಖಜಾನೆಯನ್ನು ಮುರ್ಶಿದಾಬಾದಿನಿಂದ ಕಲ್ಕತ್ತೆಗೆ ಬದಲಿಸಿದ. ಟಂಕಸಾಲೆ, ವಟ್ಟ, ಕಂದಾಯದ ಹುಂಡಿ ಎಲ್ಲವೂ ಕೈತಪ್ಪಿದವು. ಯಾರನ್ನು ಬೆಂಬಲಿಸಿದ್ದರೋ ಅವರೇ ಮನೆತನದ ಆಧಾರವನ್ನು ಕಿತ್ತರು.

ಸಂಪತ್ತು ಹೋದರೂ ಹೆಸರು ಇನ್ನೊಂದು ಕಡೆ ಉಳಿಯಿತು. 20 ತೀರ್ಥಂಕರರ ನಿರ್ವಾಣಭೂಮಿಯಾದ ಸಮ್ಮೇದ ಶಿಖರಜಿಯಲ್ಲಿ 18ನೇ ಶತಮಾನದ ಉತ್ತರಾರ್ಧದಲ್ಲಿ ನಡೆದ ಜೀರ್ಣೋದ್ಧಾರದ ಕೆಲಸದೊಂದಿಗೆ ಜೈನ ಪರಂಪರೆ ಈ ಮನೆತನವನ್ನು ನೆನೆಯುತ್ತದೆ. ಮಾರವಾಡದಿಂದ ಬಂದು ಮುರ್ಶಿದಾಬಾದ್, ಅಜೀಂಗಂಜ್, ಜಿಯಾಗಂಜ್‌ಗಳಲ್ಲಿ ನೆಲೆಸಿದ ಓಸವಾಲ ಕುಟುಂಬಗಳು ಶಹರ್‌ವಾಲಿ ಜೈನರೆಂದು ಹೆಸರಾದವು. ಭಾಗೀರಥಿಯ ಎರಡೂ ದಡಗಳಲ್ಲಿ ಅವರು ಕಟ್ಟಿಸಿದ ಜಿನಮಂದಿರಗಳಿವೆ.

ದ್ರೋಹವೇ, ಆತ್ಮರಕ್ಷಣೆಯೇ?

ಜಗತ್ ಸೇಠರ ನಡೆಯ ಬಗ್ಗೆ ಇಂದಿಗೂ ಎರಡು ಅಭಿಪ್ರಾಯಗಳಿವೆ. ದೇಶವನ್ನು ಪರಕೀಯರಿಗೆ ಮಾರಿದರು ಎಂಬುದು ಒಂದು. ಬಂಗಾಳದ ಜನಪ್ರಿಯ ನಾಟಕ, ಕಥೆಗಳಲ್ಲಿ ಮೀರ್ ಜಾಫರನ ಪಕ್ಕದಲ್ಲೇ ಅವರ ಹೆಸರು ಬರುತ್ತದೆ. ಜೀವ, ಮಾನ, ಸೊತ್ತು ಮೂರಕ್ಕೂ ಕುತ್ತು ಬಂದಾಗ ವರ್ತಕನೊಬ್ಬ ಇನ್ನೊಬ್ಬ ನವಾಬನನ್ನು ತರಲು ನೋಡಿದ. ಕಂಪನಿಯೇ ದೊರೆಯಾಗುತ್ತದೆಂದು 1757ರಲ್ಲಿ ಯಾರಿಗೂ ಕಾಣುತ್ತಿರಲಿಲ್ಲ ಎಂಬುದು ಇನ್ನೊಂದು. ಮುರ್ಶಿದಾಬಾದಿನಲ್ಲಿ ದರ್ಬಾರಿಗಳು ಕೂಡಿ ನವಾಬರನ್ನು ಬದಲಿಸಿದ್ದು ಅದೇ ಮೊದಲಲ್ಲ. 1740ರಲ್ಲಿ ಅಲಿವರ್ದಿ ಖಾನ್ ಗಾದಿಗೆ ಬಂದಾಗಲೂ ಫತೇಚಂದನ ಬೆಂಬಲವಿತ್ತು.

ಜೈನ ಶಾಸ್ತ್ರದ ಕಡೆಯಿಂದ ನೋಡುವವರಿಗೆ ಅಳತೆಗೋಲು ಬೇರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯ ಅಣುವ್ರತದ ಐದು ಅತಿಚಾರಗಳನ್ನು ಎಣಿಸುತ್ತದೆ. ಕಳ್ಳತನಕ್ಕೆ ಪ್ರೇರಣೆ, ಕದ್ದ ಮಾಲಿನ ಖರೀದಿ, ತೂಕ ಅಳತೆಯಲ್ಲಿ ಮೋಸ, ಕಲಬೆರಕೆ ಇವುಗಳ ಸಾಲಿನಲ್ಲೇ ‘ವಿರುದ್ಧರಾಜ್ಯಾತಿಕ್ರಮ’ವೂ ಇದೆ. ರಾಜ್ಯದ ಕಟ್ಟಳೆ ಮೀರಿ, ರಾಜ್ಯಗಳ ವೈರವನ್ನು ಬಳಸಿಕೊಂಡು ಲಾಭ ಮಾಡುವುದು ಶ್ರಾವಕನಿಗೆ ದೋಷ ಎಂಬುದು ಅದರ ತಾತ್ಪರ್ಯ. ಅದರೊಡನೆ ಪರಿಗ್ರಹಕ್ಕೆ ತಾನೇ ಮಿತಿ ಹಾಕಿಕೊಳ್ಳುವ ವ್ರತವೂ ಗೃಹಸ್ಥನಿಗಿದೆ. ರಾಜ್ಯದ ಖಜಾನೆಯೇ ತನ್ನ ಕೋಠಿಯಾದಾಗ ವ್ಯಾಪಾರಿ ರಾಜಕಾರಣದಿಂದ ದೂರ ಉಳಿಯಲು ಆಗುವುದಿಲ್ಲ. ಸೇಠರ ಕಷ್ಟ ಆರಂಭವಾದದ್ದು ಪ್ಲಾಸಿಗಿಂತ ಬಹಳ ಮೊದಲು, ಆ ಮಿತಿ ದಾಟಿದ ದಿನವೇ ಎಂದು ಈ ದೃಷ್ಟಿಯಿಂದ ಹೇಳಬಹುದು.

ಫ್ರೆಂಚ್ ಆಳ್ವಿಕೆಯ ಕೊನೆಯ ದಿನಗಳು

ಚಂದ್ರನಗರ 1778ರಲ್ಲಿ ಮತ್ತು 1790ರ ದಶಕದಲ್ಲಿ ಮತ್ತೆ ಇಂಗ್ಲಿಷರ ವಶವಾಗಿ, 1816ರಲ್ಲಿ ಕೊನೆಯ ಬಾರಿಗೆ ಫ್ರೆಂಚರಿಗೆ ಮರಳಿತು. ಆಗ ಅದರ ವಿಸ್ತಾರ ಸುಮಾರು 3 ಚದರ ಮೈಲಿ ಮಾತ್ರ. ಹಡಗುಗಳೆಲ್ಲ ಕಲ್ಕತ್ತೆಗೆ ಹೋಗತೊಡಗಿದವು. ಬಂದರಿನ ಗದ್ದಲ ಅಡಗಿತು.

20ನೇ ಶತಮಾನದಲ್ಲಿ ಬ್ರಿಟಿಷ್ ಪೊಲೀಸರ ಕೈಗೆಟುಕದ ಈ ಪುಟ್ಟ ಪ್ರದೇಶ ಕ್ರಾಂತಿಕಾರಿಗಳ ಆಶ್ರಯವಾಯಿತು. 1908ರಲ್ಲಿ ಗಲ್ಲಿಗೇರಿದ ಕನೈಲಾಲ್ ದತ್ತ ಹುಟ್ಟಿದ್ದು ಇಲ್ಲಿ. ರಾಸ್‌ಬಿಹಾರಿ ಬೋಸ್ ಓದಿದ್ದು ಇಲ್ಲಿ. 1910ರಲ್ಲಿ ಶ್ರೀ ಅರವಿಂದರು ಪುದುಚೇರಿಗೆ ಹೋಗುವ ಮುನ್ನ ಕೆಲವು ವಾರ ಇಲ್ಲಿ ಅಜ್ಞಾತವಾಗಿದ್ದರು.

1949ರ ಜೂನ್ 19ರಂದು ಇಲ್ಲಿ ಜನಮತಗಣನೆ ನಡೆಯಿತು. ಭಾರತದ ಪರ 7,473 ಮತ, ಫ್ರಾನ್ಸಿನ ಪರ 114 ಮತ ಬಿದ್ದವು. 1950ರ ಮೇ 2ರಂದು ಆಡಳಿತ ಭಾರತಕ್ಕೆ ಬಂತು. 1951ರ ಫೆಬ್ರವರಿ 2ರಂದು ಸಹಿಯಾದ ಒಪ್ಪಂದ 1952ರ ಜೂನ್ 9ರಂದು ಜಾರಿಯಾಯಿತು. 1954ರ ಅಕ್ಟೋಬರ್ 2ರಂದು ಊರು ಪಶ್ಚಿಮ ಬಂಗಾಳದಲ್ಲಿ ವಿಲೀನವಾಯಿತು.

ಇದೇ ಕಾಲದಲ್ಲಿ ಬಸವಕಲ್ಯಾಣ, ಹುಮನಾಬಾದ್‌ಗಳೂ ಇಂಥದೇ ದಾಟನ್ನು ಕಂಡವು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಶರಣಾಯಿತು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರು, ನೀಲಂಗಾ, ಅಹ್ಮದ್‌ಪುರ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡ ಮುಂತಾದವು ಆಂಧ್ರ ಪ್ರದೇಶಕ್ಕೂ, ಉಳಿದದ್ದು ಮೈಸೂರು ರಾಜ್ಯಕ್ಕೂ ಸೇರಿದವು. ಅಲ್ಲಿ ಮತಪೆಟ್ಟಿಗೆಯಿಂದ, ಇಲ್ಲಿ ಸೈನ್ಯದ ಕಾರ್ಯಾಚರಣೆಯಿಂದ ಎರಡೂ ಕಡೆ ಹಳೆಯ ಆಳ್ವಿಕೆ ಮುಗಿಯಿತು.

ನೋಡಬೇಕಾದ ಸ್ಥಳಗಳು

ಚಂದ್ರನಗರದಲ್ಲಿ ನದೀತೀರದ ಸ್ಟ್ರ್ಯಾಂಡ್ ರಸ್ತೆ, ಡ್ಯುಪ್ಲೆಯ ಹೆಸರಿನಲ್ಲಿರುವ ಹಳೆಯ ಬಂಗಲೆಯ ವಸ್ತುಸಂಗ್ರಹಾಲಯ, 1884ರ ಸೇಕ್ರೆಡ್ ಹಾರ್ಟ್ ಚರ್ಚು, ನಂದದುಲಾಲ್ ಗುಡಿ ಮುಖ್ಯವಾದವು. ಊರಿನ ಪ್ರವೇಶದ್ವಾರದ ಮೇಲೆ ಸ್ವಾತಂತ್ರ್ಯ, ಸಮಾನತೆ, ಸಹೋದರತೆ ಎಂಬ ಫ್ರೆಂಚ್ ಘೋಷಣೆ ಕೆತ್ತಲಾಗಿದೆ. ಕಾರ್ತಿಕ ಮಾಸದ ಜಗದ್ಧಾತ್ರಿ ಪೂಜೆಯ ದೀಪಾಲಂಕಾರಕ್ಕೆ ಊರು ಹೆಸರುವಾಸಿ.

ಹೌರಾದಿಂದ ಬರ್ಧಮಾನ್ ಮುಖ್ಯ ಮಾರ್ಗದಲ್ಲಿ ಸುಮಾರು 33 ಕಿ.ಮೀ. ದೂರದಲ್ಲಿ ಚಂದನ್‌ನಗರ ನಿಲ್ದಾಣವಿದೆ. ಲೋಕಲ್ ರೈಲುಗಳು ಸಿಗುತ್ತವೆ. ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಹೊರಡುವವರು ಸಿಕಂದರಾಬಾದಿಗೆ ಹೋಗಿ ಹೌರಾದ ರೈಲು ಹಿಡಿಯಬಹುದು. ಶಿಖರಜಿ ಯಾತ್ರೆಗೆ ಹೌರಾ ಮಾರ್ಗವಾಗಿ ಪಾರಸನಾಥ್ ನಿಲ್ದಾಣಕ್ಕೆ ಹೋಗುವವರಿಗೆ ಚಂದ್ರನಗರ ಒಂದು ದಿನದ ಸುತ್ತು. ಇನ್ನೆರಡು ದಿನವಿದ್ದರೆ ಮುರ್ಶಿದಾಬಾದಿನಲ್ಲಿ ಜಗತ್ ಸೇಠರ ಮನೆಯ ಸಂಗ್ರಹಾಲಯ ಮತ್ತು ಕಾಠ್‌ಗೋಲಾದ ಆದಿನಾಥ ಮಂದಿರವನ್ನೂ ದರ್ಶಿಸಬಹುದು.

ಹೊರಡುವ ಮುನ್ನ ಮನೆಯ ಹತ್ತಿರದ್ದನ್ನು ನೋಡುವುದೂ ಒಳ್ಳೆಯದು. ಬೀದರ್ ಕೋಟೆ ಸಲಾಬತ್ ಜಂಗನ ಸೆರೆಮನೆಯಾಗಿತ್ತು. ಚಾಲುಕ್ಯರ ರಾಜಧಾನಿಯಾಗಿದ್ದ ಬಸವಕಲ್ಯಾಣದ ಕೋಟೆಯ ಸಂಗ್ರಹಾಲಯದಲ್ಲಿ 10 ಮತ್ತು 11ನೇ ಶತಮಾನದ ಜಿನಬಿಂಬಗಳಿವೆ. ಕಲ್ಯಾಣದ ಬಸದಿಗಳ ಕಾಲ ಮುಗಿದು ಐದಾರು ಶತಮಾನದ ಬಳಿಕ ಗಂಗೆಯ ಕವಲಿನ ಮೇಲೆ ಇನ್ನೊಂದು ಜೈನ ಮನೆತನ ರಾಜ್ಯಗಳನ್ನು ಏಳಿಸಿ ಬೀಳಿಸುವಷ್ಟು ಬೆಳೆಯಿತು, ಅಷ್ಟೇ ಬೇಗ ಅಳಿಯಿತು. ಅವರ ಹುಂಡಿಗಳು ಈಗ ಯಾವ ಪೇಟೆಯಲ್ಲೂ ಸಲ್ಲುವುದಿಲ್ಲ. ಶಿಖರಜಿಯ ಮೆಟ್ಟಿಲು ಹತ್ತುವ ಯಾತ್ರಿಕರ ಬಾಯಲ್ಲಿ ಮಾತ್ರ ಆ ಹೆಸರು ಇಂದಿಗೂ ಉಳಿದಿದೆ.